ಕೋಲಾರದ ಮತ ಎತ್ತ ಬಿತ್ತು?

2022ರ ಜೂನ್ 10, ರಾಜ್ಯಸಭಾ ಚುನಾವಣೆ. ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡರು ಮತ ಹಾಕಿ ಬಂದು, ಕಾಂಗ್ರೆಸ್ಸಿಗೆ ಹಾಕಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಹೇಳದಿದ್ದರೂ ಗೊತ್ತಾಗುತ್ತಿತ್ತು. ಆ ಚುನಾವಣೆಯಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದಲ್ಲೂ ಹೀಗೇ ಲೆಕ್ಕ ಸಿಕ್ಕಿತು. ಸ್ಪೀಕರ್ ಪೀಠದಲ್ಲಿದ್ದವರು ಶ್ರೀನಿವಾಸಪುರದ ರಮೇಶ್ ಕುಮಾರ್. ಸದಸ್ಯರನ್ನು ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸಲಾಯಿತು: ಪರ 99, ವಿರುದ್ಧ 105. ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ ಗೈರು.

ಕುರ್ಚಿಯ ಪ್ರಶ್ನೆ ಬಂದರೆ ಇಷ್ಟು ಕರಾರುವಾಕ್ಕು. ನಮ್ಮ ಆಧಾರ್, ಫೋನ್ ನಂಬರು, ಆಸ್ಪತ್ರೆ ದಾಖಲೆಗಳ ಪ್ರಶ್ನೆ ಬಂದಾಗ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂಬತ್ತು ನ್ಯಾಯಮೂರ್ತಿಗಳ ನಿಲುವೂ ಹೆಸರು ಸಮೇತ ತೀರ್ಪಿನಲ್ಲಿದೆ. ಆರು ವರ್ಷದ ಮೇಲೆ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ 2023ರ ಆಗಸ್ಟ್ 7ರಂದು ಲೋಕಸಭೆಯಲ್ಲಿ, 9ರಂದು ರಾಜ್ಯಸಭೆಯಲ್ಲಿ ಧ್ವನಿಮತದಿಂದ ಪಾಸಾಯಿತು. ಆಗ ಕೋಲಾರದ ಸಂಸದರು ಬಿಜೆಪಿಯ ಎಸ್. ಮುನಿಸ್ವಾಮಿ. ಅವರು ಹೌದು ಎಂದರೋ ಅಲ್ಲ ಎಂದರೋ ಮಾಲೂರಿನ ಮತದಾರ ಹುಡುಕಿದರೂ ಸಿಗುವುದಿಲ್ಲ, ಬರೆದಿಟ್ಟಿದ್ದರೆ ತಾನೇ! ಸದಸ್ಯರು ಪಟ್ಟು ಹಿಡಿದರೆ ಮತ ಎಣಿಸುವ ಡಿವಿಷನ್ ಆಗಬೇಕು, ಹೆಸರುಗಳು ದಾಖಲಾಗಬೇಕು. ವಿರೋಧ ಪಕ್ಷಗಳು ಆ ದಿನಗಳಲ್ಲಿ ಮಣಿಪುರ ಹಿಂಸಾಚಾರದ ಗದ್ದಲದಲ್ಲಿದ್ದವು. ರಾಜ್ಯಸಭೆಯಲ್ಲಂತೂ ಎದ್ದು ಹೊರನಡೆದಿದ್ದವು. ತಪ್ಪು ಒಂದೇ ಕಡೆಯದಲ್ಲ.

ಮಸೂದೆಯಲ್ಲಿ ಅಡಗಿದ್ದ 44(3)ನೇ ಕಲಂ ಊರಿನ ಮಟ್ಟಕ್ಕೂ ಇಳಿಯುವಂಥದ್ದು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಕೆಲಸಕ್ಕೇ ಬಾರದವರ ಹೆಸರಿದೆ ಎಂಬ ಅನುಮಾನ ಬಂದರೆ, ದುಡ್ಡು ಯಾರ ಖಾತೆಗೆ ಹೋಯಿತೆಂದು ಆರ್‌ಟಿಐ ಅರ್ಜಿ ಹಾಕುತ್ತಾರೆ. ದೊಡ್ಡ ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಎಂಬ ಮಾತು ಆರ್‌ಟಿಐ ಕಾಯ್ದೆಯ 8(1)(ಜೆ)ಯಲ್ಲೇ ಇತ್ತು. ಹೊಸ ಕಾಯ್ದೆಯ 44(3) ಅದನ್ನು ಅಳಿಸಿತು, 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಲು ಬಿಡುವ 8(2) ಉಳಿದಿದೆಯಲ್ಲ ಎನ್ನುತ್ತದೆ ಸರ್ಕಾರ. ನಿಜ. ಆದರೆ ‘ವೈಯಕ್ತಿಕ ಮಾಹಿತಿ’ ಎಂದು ಒಂದು ಸಾಲು ಬರೆದು ಅರ್ಜಿ ವಾಪಸ್ ಕಳಿಸುವ ಅಧಿಕಾರಿಗೆ ಕೆಲಸ ಸಲೀಸಾಯಿತು.

ಡಿವಿಷನ್ ಆಗಿದ್ದರೂ ಪಕ್ಷದ ವಿಪ್ ಮೀರಿ ಯಾರೂ ಮತ ಹಾಕುತ್ತಿರಲಿಲ್ಲ ಎನ್ನಬಹುದು. 1985ರ ಪಕ್ಷಾಂತರ ನಿಷೇಧ ಕಾನೂನಿನ ಕತ್ತಿ ತಲೆ ಮೇಲಿದೆ. ಆದರೂ ಹೆಸರಾದರೂ ಉಳಿಯುತ್ತಿತ್ತು. 44(3)ನೇ ಕಲಂ ರದ್ದಾಗಬೇಕೇ, ಬೇಡವೇ ಎಂದು ಈಗಿನ ಸಂಸದ ಮಲ್ಲೇಶ್ ಬಾಬು ಊರಿಗೆ ಬಂದಾಗ ಕೇಳಬಹುದು. ಉತ್ತರ ಬಾಯಿಮಾತಿನದೇ ಆದರೂ ಕೇಳಿಸಿಕೊಂಡ ನಾಲ್ಕು ಜನ ಸಾಕ್ಷಿ ಇರುತ್ತಾರೆ.