ಮಕ್ಕಳ ಕಳ್ಳರೆಂಬ ಹಳೆಯ ಶಂಕೆ

ಒಂದು ಗುಂಪನ್ನು ಇಡೀ ಸಮಾಜಕ್ಕೇ ಗಂಡಾಂತರವೆಂದು ಬಿಂಬಿಸಿ, ಪತ್ರಿಕೆ, ಪೊಲೀಸು, ಶಾಸನಗಳು ಪರಸ್ಪರ ಇಂಬುಕೊಡುತ್ತ ಹಬ್ಬಿಸುವ ಅತಿರೇಕದ ಆತಂಕವನ್ನು ಸಮಾಜಶಾಸ್ತ್ರಜ್ಞರು ‘ನೈತಿಕ ಭೀತಿ’ ಎನ್ನುತ್ತಾರೆ. ಇಂಗ್ಲೆಂಡಿನ ಯುವಕರ ಗುಂಪುಗಳನ್ನು ಕುರಿತ 1972ರ ಅಧ್ಯಯನದಲ್ಲಿ ಸ್ಟ್ಯಾನ್ಲಿ ಕೋಹೆನ್ ಈ ಪರಿಕಲ್ಪನೆಯನ್ನು ವಿಸ್ತರಿಸಿದರು.

ಭಾರತದಲ್ಲಿ ಇಂಥ ಭೀತಿಗೆ ಬಹುಕಾಲ ಗುರಿಯಾದವರು ಹಿಜಡಾ ಸಮುದಾಯದವರು. ಮಕ್ಕಳನ್ನು ಅಪಹರಿಸುತ್ತಾರೆಂಬ ಶಂಕೆಯನ್ನೇ ಆಧಾರವಾಗಿಟ್ಟುಕೊಂಡು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅವರ ಹೆಸರು, ವಾಸಸ್ಥಳಗಳ ಪಟ್ಟಿಯಿಡಲು ವಿಧಿಸಿತಲ್ಲದೆ, ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟಿಲ್ಲದೆ ಬಂಧಿಸಲು, 2 ವರ್ಷದವರೆಗೂ ಸೆರೆಯಲ್ಲಿಡಲು ಅವಕಾಶ ಕೊಟ್ಟಿತು. ಅಪಹರಣದ ಪುರಾವೆ ಬೇಕಿರಲಿಲ್ಲ, ಉಡುಪೇ ಸಾಕಿತ್ತು! ಆ ಕಾಯ್ದೆ ಎಂದೋ ರದ್ದಾಗಿದ್ದರೂ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಅದೇ ಧಾಟಿಯ ಪಟ್ಟಿಯನ್ನು ಮರಳಿ ತಂದಿತು. ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾದ ಬಳಿಕವೇ ತಿದ್ದುಪಡಿಯಾಗಿ ಸಮುದಾಯದ ಉಲ್ಲೇಖ ಅದರಿಂದ ಕಳಚಿತು.