ಅಂತ್ಯಕಾಲದ ಶುಶ್ರೂಷೆಯಲ್ಲಿ ವೃದ್ಧರ ಧ್ವನಿ

ವೃದ್ಧರ ಅಂತ್ಯಕಾಲ ಸಮೀಪಿಸಿದಾಗ ಮನೆಯವರು ಸಭಾಪಾಲಕರನ್ನು ಅಂಗಳದಲ್ಲಿಯೇ ತಡೆದು, "ಅಯ್ಯನವರೇ, ಕಾಯಿಲೆಯ ವಿಷಯ ಅಪ್ಪನಿಗೆ ತಿಳಿಸಬೇಡಿ" ಎಂದು ಬೇಡಿಕೊಳ್ಳುವುದುಂಟು. ಪ್ರೀತಿಯಿಂದ ಹುಟ್ಟಿದ ಈ ಮೌನವು ರೋಗಿಯನ್ನು ಒಂಟಿಯಾಗಿಸುತ್ತದೆ. ತಮ್ಮ ಶರೀರದ ಸ್ಥಿತಿಯನ್ನು ಅವರು ಬಹುಮಟ್ಟಿಗೆ ಅರಿತೇ ಇರುತ್ತಾರೆ. ಅದನ್ನು ಹೇಳಿಕೊಳ್ಳಲು ಜೊತೆಗಾರರಿರುವುದಿಲ್ಲ. ನಾವು ಸುಳ್ಳಿನಲ್ಲಿ ಪಾಲುಗಾರರಾಗಬೇಕಿಲ್ಲ, ಸತ್ಯವನ್ನು ಹೇರಬೇಕಾಗಿಯೂ ಇಲ್ಲ. "ನಿಮ್ಮ ಆರೋಗ್ಯದ ವಿಷಯದಲ್ಲಿ ನಿಮಗೇನನ್ನಿಸುತ್ತದೆ?" ಎಂದು ಕೇಳಿ ಸುಮ್ಮನೆ ಕುಳಿತರೆ ಅನೇಕ ವೇಳೆ ಅವರೇ ಮಾತಿಗಾರಂಭಿಸುತ್ತಾರೆ. ಆತುರದಿಂದ ಸ್ವಸ್ಥತೆಗಾಗಿ ಪ್ರಾರ್ಥಿಸತೊಡಗುವುದು ಆ ಬಾಗಿಲನ್ನು ಮುಚ್ಚುವ ಅತ್ಯಂತ ಭಕ್ತಿಯುತವಾದ ವಿಧಾನ.

ಆದಿಕಾಂಡದ 48ನೆಯ ಅಧ್ಯಾಯದಲ್ಲಿ ಕಣ್ಣು ಮಬ್ಬಾದ ಯಾಕೋಬನು ಮೊಮ್ಮಕ್ಕಳನ್ನು ಆಶೀರ್ವದಿಸುವಾಗ, ತಂದೆ ತಪ್ಪಿದನೆಂದೆಣಿಸಿ ಯೋಸೇಫನು ಅವನ ಕೈಯನ್ನು ಸರಿಪಡಿಸಲು ಯತ್ನಿಸುತ್ತಾನೆ. ತಂದೆ ಒಪ್ಪುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ತನ್ನನ್ನು ಎಲ್ಲಿ ಹೂಣಿಡಬೇಕೆಂಬುದನ್ನೂ ಅವನೇ ಆಜ್ಞಾಪಿಸುತ್ತಾನೆ. ತಿಳಿವಳಿಕೆಯುಳ್ಳ ಮಕ್ಕಳು ಹಿರಿಯರ ಕೈಯನ್ನು ಸರಿಪಡಿಸಲು ಹೊರಡುವುದು ಇಂದಿಗೂ ನಡೆದಿದೆ. ಚಿಕಿತ್ಸೆಯ ಕುರಿತ ಮುಂಗಡ ನಿರ್ದೇಶನಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯತೆ ನೀಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಇದನ್ನು ಆರೋಗ್ಯವಿರುವಾಗಲೇ ಸಭೆಗೆ ತಿಳಿಸುವುದು ಒಳ್ಳೆಯದು.

ಕುಟುಂಬವನ್ನು ಅತಿಯಾಗಿ ಬಾಧಿಸುವುದು ಊಟದ ಪ್ರಶ್ನೆ. ಬಾಯಿ ತೆರೆಯದ ತಾಯಿಗೆ ಗಂಜಿ ಕುಡಿಸದಿದ್ದರೆ ಹಸಿವಿನಿಂದ ಕೊಂದಂತಾಗುವುದೇ ಎಂದು ಮಗಳು ತಳಮಳಿಸುತ್ತಾಳೆ. ನಂದುತ್ತಿರುವ ದೇಹಕ್ಕೆ ಹಸಿವೆಯೇ ಕುಂದುತ್ತದೆ. ಊಟ ಬಿಟ್ಟುದರಿಂದ ಮರಣ ಬರುತ್ತಿರುವುದಲ್ಲ, ಮರಣ ಸಮೀಪಿಸಿದ್ದರಿಂದ ಊಟ ಬಿಟ್ಟಿದೆ. ಮಂಪರಿನಲ್ಲಿರುವವರಿಗೆ ಒತ್ತಾಯದಿಂದ ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಬಟ್ಟೆಯಿಂದ ತುಟಿ ತೇವಗೊಳಿಸುವುದೂ ಉಣಿಸುವಿಕೆಯೇ ಎಂದು ಮಗಳಿಗೆ ವಿವರಿಸುವುದು ಪಾಲಕೀಯ ಕಾರ್ಯವೇ ಸರಿ. ವೈದ್ಯರು ಹೇಳಿದರೂ ಆಕೆಯ ಮನಸ್ಸಾಕ್ಷಿ ನಮ್ಮ ಬಾಯಿಂದ ಅದನ್ನು ಕೇಳಲು ಕಾಯುತ್ತಿರುತ್ತದೆ.

ನೋವನ್ನು ಸಹಿಸುವುದೇ ಶಿಲುಬೆಯಲ್ಲಿ ಪಾಲುಗಾರಿಕೆಯೆಂದು ಬೋಧಿಸಿ ಮಾರ್ಫಿನ್ ಬೇಡವೆನ್ನಿಸುವುದು ಕ್ರೌರ್ಯ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ವಿಶ್ವಾಸಿಯಾಗಿದ್ದರು. ದೇಹ, ಮನಸ್ಸು, ಸಂಬಂಧ, ಆತ್ಮ ಇವೆಲ್ಲದರ ನೋವನ್ನು ಒಂದಾಗಿ ಕಂಡ ಅವರು ಮಾರ್ಫಿನ್ನನ್ನು ನೋವು ಮರುಕಳಿಸುವ ಮುನ್ನವೇ ವೇಳೆಗೆ ಸರಿಯಾಗಿ ಕೊಡಬೇಕೆಂದರು.

ಇನ್ನು ಆರೈಕೆಯ ಭಾರವು ಸಾಮಾನ್ಯವಾಗಿ ಒಬ್ಬ ಸೊಸೆಯ ಅಥವಾ ಅವಿವಾಹಿತ ಮಗಳ ಹೆಗಲಿಗೆ ಬಿದ್ದಿರುತ್ತದೆ. ಭೇಟಿಗೆ ಬಂದವರೆಲ್ಲರಿಗೂ ಕಾಫಿ ಮಾಡುವವಳೂ ಆಕೆಯೇ. ಪ್ರಾರ್ಥನೆ ಮುಗಿಸಿ ಹೊರಡುವ ಮುನ್ನ ಆಕೆ ಎಷ್ಟು ಹೊತ್ತು ನಿದ್ರಿಸಿದಳೆಂದು ಕೇಳೋಣ. ಸ್ತ್ರೀಯರ ಸಂಘದಿಂದ ಇಬ್ಬರು ಆ ರಾತ್ರಿ ಮಂಚದ ಬಳಿ ಕುಳಿತುಕೊಳ್ಳಲು ಏರ್ಪಾಡು ಮಾಡೋಣ.