ನೋತ್ರ್ ದಾಮ್ ಅಳೆದ ಲೇಸರ್

2010. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಲೇಸರ್ ಸ್ಕ್ಯಾನರ್ ನಿಲ್ಲಿಸಿದರು. ಕಿರಣ ಕಲ್ಲಿಗೆ ತಾಗಿ ಮರಳಿದರೆ ದೂರ ಗೊತ್ತಾಗುತ್ತದೆ. ಹಾಗೆ ಅಳೆದೂ ಅಳೆದೂ ನೂರು ಕೋಟಿಗೂ ಮಿಕ್ಕ ಬಿಂದುಗಳಲ್ಲಿ ಇಡೀ ಕಟ್ಟಡ ಕಂಪ್ಯೂಟರಿಗೆ ಬಂತು.

ಸ್ವಾರಸ್ಯ ಇರೋದು ಇಲ್ಲಿ. ಹೊರಗಿನಿಂದ ಗೋಡೆಗೆ ಆನಿಕೆ ಕೊಡುವ ಆ ಕಲ್ಲಿನ ಕಮಾನುಗಳಿವೆಯಲ್ಲ, ಅವನ್ನು ಆಮೇಲೆ ಸೇರಿಸಿದ್ದು ಅಂತ ಕೆಲವು ವಿದ್ವಾಂಸರ ವಾದ. ಹಾಗಿದ್ದರೆ ಅಷ್ಟರಲ್ಲಿ ಮೇಲಿನ ಗೋಡೆ ಹೊರಕ್ಕೆ ವಾಲಿರಬೇಕಿತ್ತು. ಸ್ಕ್ಯಾನ್ ನೋಡಿದರೆ, ಗೋಡೆ ಕದಲಿಯೇ ಇಲ್ಲ! ಕಮಾನುಗಳು ಮೊದಲಿನಿಂದಲೂ ಇದ್ದವು ಅಂದರು ಟ್ಯಾಲನ್. ಕಲ್ಲೇ ಸಾಕ್ಷಿ ಹೇಳಿತು.

2018ರಲ್ಲಿ ಅವರು ತೀರಿಕೊಂಡರು. ಮರುವರ್ಷ ಏಪ್ರಿಲ್ 15ರಂದು ಚರ್ಚಿಗೆ ಬೆಂಕಿ ಬಿತ್ತು, ಮರದ ಚಾವಣಿ ಉರಿದುಹೋಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ಆ ಚರ್ಚಿನ ದುರಸ್ತಿಗೆ ಟ್ಯಾಲನ್ ಬಿಟ್ಟುಹೋದ ಅಳತೆಗಳೂ ಆಸರೆಯಾದವು.